ಸನ್ಮಾನ ಆಯ್ತು, ಲೆಕ್ಕ ಯಾವಾಗ? ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂದು ವರ್ಷ

ಸಾಗರ / ಹೊಸನಗರ / ತೀರ್ಥಹಳ್ಳಿ: ಡಿಸೆಂಬರ್ ಬಂತು ಅಂದ್ರೆ ವರ್ಷದ ಸಾಧನೆಗಳ ಪಟ್ಟಿ ಮಾಡೋ ಕಾಲ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ, ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ, ನವೆಂಬರ್ 1ಕ್ಕೆ ರಾಜ್ಯೋತ್ಸವ. ಒಂದೊಂದು ದಿನಕ್ಕೂ ಒಂದೊಂದು ವೇದಿಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಆಮೇಲೆ ಫೋಟೊ. ಇನ್ನೇನು ಜನವರಿ 26 ಬಂತು, ಮತ್ತೊಂದು ಸುತ್ತು ಶುರುವಾಗುತ್ತೆ.

ಸನ್ಮಾನ ಬೇಡ ಅನ್ನೋದು ಯಾರ ವಾದವೂ ಅಲ್ಲ. ದುಡಿದವರಿಗೆ ನಾಲ್ಕು ಜನರ ಎದುರು ಒಂದು ಶಾಲು ಬೀಳಲೇಬೇಕು. ಆದರೆ ಊರಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ವರ್ಷ ಊರಿಗೆ ಏನಾಯ್ತು, ಎಷ್ಟು ಖರ್ಚಾಯ್ತು, ಏನು ಉಳೀತು ಅಂತ ಯಾರಾದ್ರೂ ಎದ್ದು ನಿಂತು ಓದಿ ಹೇಳಿದ್ರಾ? ಸಾಗರದ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿ, ಮೂರಕ್ಕೂ ಈ ಪ್ರಶ್ನೆ ಒಂದೇ. ಇದನ್ನ ಈಗಲೇ ಕೇಳೋದಕ್ಕೆ ಕಾರಣವೂ ಇದೆ. ಮುಂದಿನ ಮೂರು ತಿಂಗಳಲ್ಲಿ ಮಾರಿಜಾತ್ರೆ ಇದೆ, ಬಜೆಟ್ ಇದೆ.

*2025ರ ದೊಡ್ಡ ಸುದ್ದಿ: ಸೇತುವೆ*

ಈ ವರ್ಷದ ಸಾಧನೆ ಯಾವುದು ಅಂತ ಸಾಗರ ತಾಲೂಕಿನಲ್ಲಿ ಯಾರನ್ನ ಕೇಳಿದ್ರೂ ಬರೋ ಉತ್ತರ ಸಿಗಂದೂರು ಸೇತುವೆ. ಅದು ನಿಜವೂ ಹೌದು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟಿಸಿದ್ರು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.44 ಕಿ.ಮೀ ಉದ್ದ, ಕೇಬಲ್ ಆಧಾರದ ಸೇತುವೆ, ಖರ್ಚು 400 ಕೋಟಿ ರೂಪಾಯಿಗೂ ಮೇಲೆ. ಶಂಕುಸ್ಥಾಪನೆ ಆಗಿದ್ದು 2018ರ ಫೆಬ್ರವರಿಯಲ್ಲಿ.

ಆದರೆ ಇದರ ಲೆಕ್ಕ 2018ರಿಂದ ಹಾಕಿದ್ರೆ ತಪ್ಪಾಗುತ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು. ನಾಡಿಗೆ ಕರೆಂಟ್ ಬಂತು. ಸಾಗರ, ಹೊಸನಗರ ತಾಲೂಕಿನ ಊರೂರುಗಳೇ ಮುಳುಗಿದ್ವು. ಕರೂರು, ಬಾರಂಗಿ ಹೋಬಳಿಯ ಜನ ನೀರಿನ ಆಚೆ ಉಳಿದ್ರು. ಸಾಗರಕ್ಕೆ ಬರಬೇಕು ಅಂದ್ರೆ ಲಾಂಚ್. ಹೊತ್ತು ಮೀರಿದ್ರೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದ್ರೆ ಲಾಂಚ್‌ಗೆ ವಾಹನ ಹತ್ತಿಸೋದೇ ನಿಲ್ತಿತ್ತು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಪರೀಕ್ಷೆಗೆ ಹೊರಟ ಮಕ್ಕಳು, ಎಲ್ಲರೂ ದಡದಲ್ಲಿ ಕಾಯಬೇಕಿತ್ತು. ಅಣೆಕಟ್ಟಿನಿಂದ ಸೇತುವೆವರೆಗೆ 61 ವರ್ಷ.

ಅಷ್ಟು ವರ್ಷ ಕಾದ ಮೇಲೆ ಉದ್ಘಾಟನೆ ದಿನ ಸುದ್ದಿಯಾಗಿದ್ದು ಏನು? ಯಾರಿಗೆ ಆಹ್ವಾನ ಹೋಯ್ತು, ಯಾರಿಗೆ ತಡವಾಯ್ತು ಅನ್ನೋದು. ತಮ್ಮನ್ನ ಕೇಳದೇ ದಿನ ನಿಗದಿ ಮಾಡಿದ್ದಾರೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆಕ್ಷೇಪ ಎತ್ತಿದ್ರು, ರಾಜ್ಯ ಸರ್ಕಾರದವರು ಸಮಾರಂಭದಿಂದ ದೂರ ಉಳಿದ್ರು. ಎರಡು ಪಕ್ಷದವರೂ ಸಾಧನೆ ನಮ್ಮದು ಅಂದ್ರು. ದಶಕಗಟ್ಟಲೆ ಮನವಿ ಕೊಟ್ಟು, ಪಾದಯಾತ್ರೆ ಮಾಡಿ, ಧರಣಿ ಕೂತ ಹಿನ್ನೀರಿನ ಜನರ ಹೆಸರು ಹಿಂದಿನ ಸಾಲಿಗೆ ಹೋಯ್ತು. ಅಷ್ಟು ವರ್ಷ ಮಳೆ ಗಾಳಿಯಲ್ಲಿ ಲಾಂಚ್ ನಡೆಸಿದವರ ಹೆಸರಂತೂ ಬರಲೇ ಇಲ್ಲ.

ಸೇತುವೆ ಆದ ಮೇಲಿನ ಕೆಲಸ ಯಾರದು? ಅದು ಕೇಂದ್ರದ್ದೂ ಅಲ್ಲ, ಬೆಂಗಳೂರಿನದ್ದೂ ಅಲ್ಲ. ಮೊದಲು ಲಾಂಚ್ ಸಾಲಿನಲ್ಲಿ ಕಾಯಬೇಕು ಅಂತ ಹಿಂದೇಟು ಹಾಕ್ತಿದ್ದವರು ಈಗ ಕಾರು ಹತ್ತಿ ನೇರ ಬರ್ತಾರೆ. ಬರೋ ಗಾಡಿ ಸಾಗರ ಪೇಟೆ ದಾಟಿ ಬರುತ್ತೆ. ಕೊಲ್ಲೂರು ಕಡೆಯಿಂದ ನಾಗೋಡಿ ಘಾಟಿ ಹತ್ತಿ ಬರೋರು ಹೊಸನಗರ ತಾಲೂಕಿನ ಮೇಲೆ ಬರ್ತಾರೆ. ಅವರು ನೀರಿನ ಬಾಟಲಿ, ತಿಂಡಿ ಪೊಟ್ಟಣ ಬಿಟ್ಟು ಹೋಗೋದು ದಾರಿಯುದ್ದಕ್ಕೂ ಇರೋ ಗ್ರಾಮ ಪಂಚಾಯಿತಿಗಳ ಜಾಗದಲ್ಲಿ. ಪಾರ್ಕಿಂಗ್, ಶೌಚಾಲಯ, ಕಸದ ಗಾಡಿ, ಇದೆಲ್ಲ ಸಣ್ಣ ಪಂಚಾಯಿತಿಯ ತಲೆ ಮೇಲೆ. ನೂರಾರು ಕೋಟಿಯ ಸೇತುವೆಗೆ ರಿಬ್ಬನ್ ಕತ್ತರಿಸೋಕೆ ಪೈಪೋಟಿ ಇತ್ತು. ಅದರ ಎರಡು ತುದಿಯ ಕಸ ಎತ್ತೋಕೆ ಆ ಪೈಪೋಟಿ ಇಲ್ಲ.

*ಸ್ವಚ್ಛತೆಯ ಅಂಕ: ಯಾರ ಜೊತೆ ಯಾರ ಸ್ಪರ್ಧೆ?*

ಊರಿನ ಸಾಧನೆಗೆ ದೇಶದ ಮಟ್ಟದಲ್ಲಿ ಅಂಕ ಕೊಡೋ ವ್ಯವಸ್ಥೆ ಒಂದಿದೆ. ಅದು ಸ್ವಚ್ಛ ಸರ್ವೇಕ್ಷಣೆ. 2016ರಲ್ಲಿ 73 ನಗರಗಳಿಂದ ಶುರುವಾಯ್ತು, ಆ ವರ್ಷ ದೇಶಕ್ಕೆ ಮೊದಲು ಬಂದಿದ್ದು ನಮ್ಮ ಮೈಸೂರು. ಈಗ ನಾಲ್ಕೂವರೆ ಸಾವಿರದಷ್ಟು ನಗರ, ಪಟ್ಟಣಗಳು ಇದರಲ್ಲಿವೆ. 2024–25ರ ಫಲಿತಾಂಶವನ್ನ ಇದೇ ಜುಲೈ 17ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಪ್ರಕಟಿಸಿದ್ರು.

ಈ ಸಲ ಒಂದು ಬದಲಾವಣೆ ಆಯ್ತು. ಜನಸಂಖ್ಯೆ ಮೇಲೆ ಊರುಗಳನ್ನ ಐದು ಗುಂಪು ಮಾಡಿದ್ರು. 20 ಸಾವಿರದೊಳಗಿನದ್ದು ಅತಿ ಸಣ್ಣ ಊರು. 20ರಿಂದ 50 ಸಾವಿರ ಸಣ್ಣದು. 50 ಸಾವಿರದಿಂದ 3 ಲಕ್ಷ ಮಧ್ಯಮ. 3ರಿಂದ 10 ಲಕ್ಷ ದೊಡ್ಡದು. ಅದರ ಮೇಲೆ ಮಹಾನಗರ.

ಈಗ ನಮ್ಮ ಊರುಗಳನ್ನ ಇದರಲ್ಲಿ ಇಟ್ಟು ನೋಡಿ. 2011ರ ಜನಗಣತಿ ಪ್ರಕಾರ ಸಾಗರದಲ್ಲಿ 54 ಸಾವಿರದ ಆಸುಪಾಸು ಜನ. ಅಂದ್ರೆ ಸಾಗರ ಮಧ್ಯಮ ಗುಂಪಿನ ಬಾಗಿಲಲ್ಲೇ ನಿಂತಿದೆ. ನಾಲ್ಕು ಸಾವಿರ ಜನ ಕಡಿಮೆ ಇದ್ದಿದ್ರೆ ಸಣ್ಣ ಊರುಗಳ ಸಾಲಿನಲ್ಲಿ ಇರ್ತಿತ್ತು. ಈಗ ಒಂದೂವರೆ ಲಕ್ಷದ ಭದ್ರಾವತಿ, ಲಕ್ಷ ದಾಟಿದ ಉಡುಪಿ, ಹಾಸನ, ಎರಡು ಲಕ್ಷ, ಎರಡೂವರೆ ಲಕ್ಷದ ಊರುಗಳ ಜೊತೆ ಒಂದೇ ತಕ್ಕಡಿ. ಅವರ ತೆರಿಗೆ ವಸೂಲಿ ಬೇರೆ, ಯಂತ್ರ ಬೇರೆ, ಇಂಜಿನಿಯರ್‌ಗಳ ಸಂಖ್ಯೆ ಬೇರೆ. ಸಾಗರಕ್ಕೆ ದೊಡ್ಡ ರ‍್ಯಾಂಕ್ ಬರಲಿಲ್ಲ ಅಂತ ನಗರಸಭೆಯನ್ನ ಬೈಯೋ ಮುಂಚೆ ಇದನ್ನೂ ಲೆಕ್ಕಕ್ಕೆ ತಗೋಬೇಕು.

ತೀರ್ಥಹಳ್ಳಿ ಮತ್ತು ಹೊಸನಗರದ ಕಥೆ ಬೇರೆ. ತೀರ್ಥಹಳ್ಳಿ ಪಟ್ಟಣದಲ್ಲಿ 15 ಸಾವಿರದ ಒಳಗೆ ಜನ, ಹೊಸನಗರದಲ್ಲಿ 6 ಸಾವಿರದ ಒಳಗೆ. ಎರಡೂ ಅತಿ ಸಣ್ಣ ಊರುಗಳ ಗುಂಪಿಗೆ ಬರ್ತವೆ. ಇಲ್ಲಿ ಸಣ್ಣ ಊರು ಅನ್ನೋ ನೆಪ ನಡೆಯಲ್ಲ, ಯಾಕಂದ್ರೆ ಎದುರಿಗೆ ಇರೋದೂ ಸಣ್ಣ ಊರೇ.

ಆ ಗುಂಪಿನಲ್ಲಿ ನೋಡಬೇಕಾದ ಊರು ಮಹಾರಾಷ್ಟ್ರದ ಪಂಚಗಣಿ. ಅದೂ ಸಹ್ಯಾದ್ರಿ ಮೇಲಿನ ಊರು, ಅಲ್ಲೂ ಪ್ರವಾಸಿಗರ ಕಾಟ, ಜನಸಂಖ್ಯೆ ಹೆಚ್ಚೂಕಡಿಮೆ ತೀರ್ಥಹಳ್ಳಿಯಷ್ಟೇ. 2022ರ ಸರ್ವೇಕ್ಷಣೆಯಲ್ಲಿ ಒಂದು ಲಕ್ಷದೊಳಗಿನ ಊರುಗಳಲ್ಲಿ ದೇಶಕ್ಕೇ ಮೊದಲು ಬಂತು. ಈ ವರ್ಷ ಸತತವಾಗಿ ಮುಂದಿರೋ ಊರುಗಳಿಗೆ ಅಂತ ಮಾಡಿದ ಸೂಪರ್ ಸ್ವಚ್ಛ ಲೀಗ್‌ನಲ್ಲೂ ಇದೆ. ಕಸ ಸುರಿಯೋ ಜಾಗವನ್ನೇ ಸರಿಮಾಡಿ ಜನ ಹೋಗಿ ನೋಡೋ ತಾಣ ಮಾಡಿಕೊಂಡ ಊರು ಅದು. ನಮ್ಮ ರಾಜ್ಯದ ಮೈಸೂರೂ ಅದೇ ಲೀಗ್‌ನಲ್ಲಿದೆ. ಆದರೆ ಮೈಸೂರನ್ನ ತೋರಿಸಿದ್ರೆ ತೀರ್ಥಹಳ್ಳಿಯವರು ಅಷ್ಟು ದುಡ್ಡು ಎಲ್ಲಿಂದ ತರೋದು ಅಂತ ಕೇಳಬಹುದು. ಪಂಚಗಣಿ ತೋರಿಸಿದ್ರೆ ಆ ಮಾತು ನಿಲ್ಲಲ್ಲ.

ಈ ಸರ್ವೇಕ್ಷಣೆಯಲ್ಲಿ ಕಣ್ಣಿಗೆ ಕಾಣೋ ಸ್ವಚ್ಛತೆ, ಹಸಿಕಸ ಒಣಕಸ ಬೇರ್ಪಡಿಸೋದು, ಕೊಳಚೆ ನೀರಿನ ನಿರ್ವಹಣೆ, ಪೌರಕಾರ್ಮಿಕರ ಕ್ಷೇಮ, ಜನರ ಅಭಿಪ್ರಾಯ, ಎಲ್ಲಕ್ಕೂ ಬೇರೆ ಬೇರೆ ಅಂಕ ಇದೆ. ಪ್ರತಿ ಊರಿನ ಅಂಕಪಟ್ಟಿ ಸರ್ವೇಕ್ಷಣೆಯ ತಾಣದಲ್ಲಿ ಯಾರು ಬೇಕಾದ್ರೂ ನೋಡಬಹುದು. ಶಾಲೆಯ ಮಕ್ಕಳ ಅಂಕಪಟ್ಟಿಗೆ ಅಪ್ಪ ಅಮ್ಮ ಸಹಿ ಹಾಕ್ತಾರೆ. ಊರಿನ ಅಂಕಪಟ್ಟಿಯನ್ನ ಪ್ರಿಂಟ್ ತೆಗೆದು ಕಚೇರಿಯ ಗೋಡೆಗೆ ಅಂಟಿಸೋಕೆ ಒಂದು ರೂಪಾಯಿಯೂ ಬೇಡ.

*700 ಜನರಿಗೆ ಒಬ್ಬರು: ಲೆಕ್ಕ ಹಾಕಿ ನೋಡಿ*

ಪೌರಕಾರ್ಮಿಕರ ದಿನ ಸನ್ಮಾನ ಮಾಡ್ತೀವಿ, ಪಾದಪೂಜೆ ಮಾಡೋ ಊರುಗಳೂ ಇವೆ. ಆದರೆ ಕೆಲಸದ ಲೆಕ್ಕ ಏನು ಹೇಳುತ್ತೆ? ಹಿಂದೆ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕರು ಬೇಕು ಅಂದಿತ್ತು. ಈಗ ಸರ್ಕಾರ ಪಾಲಿಸೋ ಮಾನದಂಡ 700 ಜನರಿಗೆ ಒಬ್ಬರು.

2011ರ ಜನಸಂಖ್ಯೆ ಇಟ್ಟುಕೊಂಡು ಭಾಗಿಸಿದ್ರೆ ಸಾಗರಕ್ಕೆ ಸುಮಾರು 78 ಜನ. ತೀರ್ಥಹಳ್ಳಿಗೆ 21. ಹೊಸನಗರಕ್ಕೆ 8. ಇದು ಹುದ್ದೆಗಳೆಲ್ಲ ಭರ್ತಿ ಆದ್ರೆ ಬರೋ ಲೆಕ್ಕ. ವಾರಕ್ಕೊಂದು ರಜೆ ಕಳೆದ್ರೆ ಯಾವುದೇ ಒಂದು ದಿನ ಬೀದಿಗೆ ಇಳಿಯೋರು ಸಾಗರದಲ್ಲಿ 67, ತೀರ್ಥಹಳ್ಳಿಯಲ್ಲಿ 18, ಹೊಸನಗರದಲ್ಲಿ 7. ಯಾರಿಗಾದ್ರೂ ಜ್ವರ ಬಂತು ಅಂದ್ರೆ ಇನ್ನೂ ಕಡಿಮೆ.

ಇಲ್ಲಿ ಒಂದು ದೊಡ್ಡ ತೊಡಕಿದೆ. ಈ ಮಾನದಂಡ ಎಣಿಸೋದು ಊರಿನಲ್ಲಿ ಮಲಗೋರನ್ನ. ಊರಿಗೆ ಬಂದು ಹೋಗೋರನ್ನಲ್ಲ. ಜೋಗ, ಸಿಗಂದೂರು, ಇಕ್ಕೇರಿ, ಕೆಳದಿಗೆ ಹೋಗೋರು ಸಾಗರದಲ್ಲಿ ಊಟ ಮಾಡ್ತಾರೆ. ಆಗುಂಬೆ, ಕುಪ್ಪಳಿ, ಶೃಂಗೇರಿಗೆ ಹೋಗೋರು ತೀರ್ಥಹಳ್ಳಿಯಲ್ಲಿ ಗಾಡಿ ನಿಲ್ಲಿಸ್ತಾರೆ. ಸಂತೆ ದಿನ ಹಳ್ಳಿಗಳ ಜನ ಪೇಟೆಗೆ ಬರ್ತಾರೆ. ಅವರಿಂದಲೇ ಅಂಗಡಿ ನಡೆಯೋದು. ಅವರ ಕಸ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಜನಸಂಖ್ಯೆಯೂ 2011ರದ್ದು. ಮುಂದಿನ ಜನಗಣತಿಗೆ ಕೇಂದ್ರ ನಿಗದಿ ಮಾಡಿರೋದು 2027. ಅಂದ್ರೆ 14 ವರ್ಷ ಹಳೆಯ ಸಂಖ್ಯೆ ಮೇಲೆ ಇವತ್ತಿನ ಬೀದಿ ಗುಡಿಸ್ತಿದ್ದಾರೆ. ಈ 14 ವರ್ಷದಲ್ಲಿ ಎದ್ದ ಬಡಾವಣೆ ಎಷ್ಟು, ಲಾಡ್ಜ್ ಎಷ್ಟು, ಹೋಂಸ್ಟೇ ಎಷ್ಟು, ಅದು ಊರಿನವರಿಗೇ ಗೊತ್ತು.

*ಮಾರಿಜಾತ್ರೆ ಹತ್ತಿರ ಬಂತು*

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, 9 ದಿನ ನಡೆಯುತ್ತೆ. 2020, 2023 ಆಯ್ತು, ಈ ಸರದಿ 2026ರ ಫೆಬ್ರವರಿ. ತವರುಮನೆ, ಗಂಡನಮನೆ ಎರಡೂ ಕಡೆ ಜನ, ಅಂಗಡಿ ಸಾಲು, ಅಮ್ಯೂಸ್‌ಮೆಂಟ್, ಮನೆಮನೆಗೂ ನೆಂಟರು.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ: ಒಂದು ದಿನ ಊರಿನ ಜನಸಂಖ್ಯೆಯಷ್ಟೇ ಜನ ಹೊರಗಿಂದ ಬಂದ್ರು. ಆಗ 700 ಜನರಿಗೆ ಒಬ್ಬರು ಅನ್ನೋದು 1,400 ಜನರಿಗೆ ಒಬ್ಬರು ಆಗುತ್ತೆ. ಅದರ ಎರಡರಷ್ಟು ಬಂದ್ರೆ 2,100ಕ್ಕೆ ಒಬ್ಬರು. ಮಳಿಗೆ ಹರಾಜಿನಿಂದ ಎಷ್ಟು ದುಡ್ಡು ಬರುತ್ತೆ ಅನ್ನೋದು ಎಲ್ಲರ ಬಾಯಲ್ಲೂ ಇರುತ್ತೆ. ಹೆಚ್ಚುವರಿ ಪೌರಕಾರ್ಮಿಕರು ಎಷ್ಟು ಜನ, ಯಾವ ಊರಿಂದ ಬರ್ತಾರೆ, ಅವರು ರಾತ್ರಿ ಎಲ್ಲಿ ಮಲಗ್ತಾರೆ, ಅವರಿಗೆ ಕೈಗವಸು, ಬೂಟು ಸಿಗುತ್ತಾ ಅನ್ನೋದು ಯಾರ ಬಾಯಲ್ಲೂ ಇಲ್ಲ.

ತೀರ್ಥಹಳ್ಳಿಗೆ ಈ ಪರೀಕ್ಷೆ ವರ್ಷವರ್ಷವೂ ಬರುತ್ತೆ. ಎಳ್ಳಮಾವಾಸ್ಯೆ ಜಾತ್ರೆಗೆ ರಾಮೇಶ್ವರ ದೇವಸ್ಥಾನದ ಎದುರು ತುಂಗೆಯಲ್ಲಿ ತೀರ್ಥಸ್ನಾನ, ಆಮೇಲೆ ತೇರು, ತೆಪ್ಪ. ಜಾತ್ರೆ ಚೆನ್ನಾಗಿ ಆಯ್ತು ಅನ್ನೋದು ತೇರು ಎಳೆದ ದಿನ ಗೊತ್ತಾಗಲ್ಲ. ತೆಪ್ಪೋತ್ಸವದ ಮಾರನೇ ದಿನ ಬೆಳಿಗ್ಗೆ ಹೊಳೆ ದಂಡೆಗೆ ಹೋಗಿ ನೋಡಿದ್ರೆ ಗೊತ್ತಾಗುತ್ತೆ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ತುಂಗೆಯ ದಂಡೆ ಹಿಡಿದು ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹೊರಟಾಗ ಎತ್ತಿದ ಮಾತೂ ಇದೇ: ದಂಡೆಯ ಊರುಗಳ ಕೊಳಚೆ ಹೊಳೆಗೆ ಸೇರೋದು ನಿಲ್ಲಬೇಕು. ಪಾದಯಾತ್ರೆ ಮುಗೀತು. ಚರಂಡಿ ಎಲ್ಲೆಲ್ಲಿ ಹೊಳೆ ಸೇರುತ್ತೆ, ಅದರಲ್ಲಿ ಎಷ್ಟು ನಿಂತಿದೆ ಅನ್ನೋ ಪಟ್ಟಿ ಜನರ ಕೈಗೆ ಬರಬೇಕಿದೆ.

*ಮಳೆಗೂ ಒಂದು ಅಂಕ ಬೇಕು*

ಹೊಸನಗರದ ಬಗ್ಗೆ ಒಂದು ಮಾತು. ಹುಲಿಕಲ್, ಮಾಸ್ತಿಕಟ್ಟೆ, ಮಾಣಿ, ಇವು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳು. ಎಲ್ಲ ಇದೇ ತಾಲೂಕಿನವು. ತೀರ್ಥಹಳ್ಳಿಗೆ ಆಗುಂಬೆ ಇದೆ. ಕಸದಿಂದ ಗೊಬ್ಬರ ಮಾಡೋ ವಿಧಾನ ವಿಜಯಪುರಕ್ಕೂ ಒಂದೇ, ಹೊಸನಗರಕ್ಕೂ ಒಂದೇ ಅಂದ್ರೆ ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಹಸಿಕಸ ರಾಶಿ ಹಾಕಿದ್ರೆ ಅದು ಗೊಬ್ಬರ ಆಗಲ್ಲ, ಕೊಳೆತು ನೀರಾಗಿ ಹಳ್ಳಕ್ಕೆ ಹರಿಯುತ್ತೆ. ಮಲೆನಾಡಿನ ಪಟ್ಟಣಕ್ಕೆ ಮೊದಲು ಬೇಕಾಗಿದ್ದು ಸೋರದ ಮಾಡು, ಎತ್ತರದ ಕಟ್ಟೆ, ನೀರು ಇಂಗೋ ಗುಂಡಿ. ಅಡಿಕೆ ಚಪ್ಪರ ಹಾಕಿ, ಸಗಣಿ ಗೊಬ್ಬರದ ಗುಂಡಿಗೆ ಮಾಡು ಕಟ್ಟಿಕೊಂಡ ರೈತರಿಗೆ ಇದು ಹೊಸ ವಿದ್ಯೆ ಅಲ್ಲ. ಕ್ರಿಯಾಯೋಜನೆ ಬರೆಯೋರು ಅವರನ್ನ ಕೇಳಬೇಕು ಅಷ್ಟೇ.

ರಸ್ತೆಯೂ ಹಾಗೇ. ಮಾರ್ಚ್‌ನಲ್ಲಿ ಬಿಲ್ ಆಗಬೇಕು ಅಂತ ಅವಸರದಲ್ಲಿ ಹಾಕಿದ ಡಾಂಬರು ಜುಲೈಗೆ ಗುಂಡಿ. ಮಾರ್ಚ್ 31ಕ್ಕೆ ಅದು ಸಾಧನೆ ಪಟ್ಟಿಯಲ್ಲಿ ಇರುತ್ತೆ. ಮಳೆಗಾಲ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಇನ್ನೊಮ್ಮೆ ಊರು ಸುತ್ತಿದ್ರೆ ನಿಜವಾದ ಸಾಧನೆ ಯಾವುದು ಅಂತ ತಿಳಿಯುತ್ತೆ.

*ಹಳ್ಳಿಗೆ ಜಮಾಬಂದಿ ಇದೆ, ಪೇಟೆಗೆ?*

ಈ ವಿಷಯದಲ್ಲಿ ಪೇಟೆಗಿಂತ ಹಳ್ಳಿ ಮುಂದಿದೆ. ರಾಜ್ಯದಲ್ಲಿ 2013–14ರಿಂದ ಗಾಂಧಿ ಗ್ರಾಮ ಪುರಸ್ಕಾರ ಕೊಡ್ತಿದ್ದಾರೆ. ತಾಲೂಕಿಗೆ ಒಂದು ಗ್ರಾಮ ಪಂಚಾಯಿತಿ ಆರಿಸಿ 5 ಲಕ್ಷ ರೂಪಾಯಿ ಬಹುಮಾನ. ಮೂರು ತಾಲೂಕು ಸೇರಿದ್ರೆ 15 ಲಕ್ಷ. ದೊಡ್ಡ ಮೊತ್ತ ಅಲ್ಲ, ಆದರೆ ಗ್ರಾಮ ಪಂಚಾಯಿತಿಗೆ ಅದು ಮರ್ಯಾದೆ. ಪಿಡಿಒ, ಬಿಲ್ ಕಲೆಕ್ಟರ್, ನೀರುಗಂಟಿ, ಎಲ್ಲರ ಕೆಲಸಕ್ಕೂ ಒಂದು ಹೆಸರು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಇದೆ. ಅದೇ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚು ಜನರ ಎದುರು ಓದಬೇಕು. ಎಷ್ಟು ಬಂತು, ಎಲ್ಲಿ ಖರ್ಚಾಯ್ತು, ಯಾವ ಕಾಮಗಾರಿ, ಯಾವ ಬಿಲ್. ಜನ ಪುಸ್ತಕ ತೆರೆಸಿ ನೋಡಬಹುದು. ಕಾಮಗಾರಿ ಜಾಗಕ್ಕೆ ಹೋಗಿ ಅಳತೆ ಸರಿ ಇದೆಯಾ ಅಂತ ಕೇಳಬಹುದು. ವರ್ಷಕ್ಕೆ ಎರಡು ಸಲವಾದ್ರೂ ಗ್ರಾಮಸಭೆ ನಡೀಬೇಕು ಅಂತ ಕಾನೂನೂ ಇದೆ.

ಕೆಲವು ಕಡೆ ಜಮಾಬಂದಿ ಅರ್ಧ ಗಂಟೆಯಲ್ಲಿ ಟೀ ಕುಡಿದು ಮುಗಿಯುತ್ತೆ ಅನ್ನೋದೂ ಸುಳ್ಳಲ್ಲ. ಕೇಳೋರು ಇಲ್ಲದಿದ್ರೆ ಓದೋರು ಬೇಗ ಮುಗಿಸ್ತಾರೆ. ಆದರೆ ಕೇಳೋ ಹಕ್ಕಂತೂ ಇದೆ.

ಪೇಟೆಯವರಿಗೆ ಆ ಹೆಸರಿನ ಸಭೆಯೇ ಇಲ್ಲ. ಹಳ್ಳಿಯ ರೈತ ವರ್ಷಕ್ಕೊಮ್ಮೆ ಪಂಚಾಯಿತಿ ಪುಸ್ತಕ ತೆರೆಸಬಹುದು. ವರ್ಷಾ ವರ್ಷ ಉದ್ದಿಮೆ ಪರವಾನಗಿ ನವೀಕರಿಸಿ, ಆಸ್ತಿ ತೆರಿಗೆ ಕಟ್ಟಿ, ಮೇಲೆ ಕಸದ ಶುಲ್ಕವನ್ನೂ ಕೊಡೋ ಅಂಗಡಿಯವರಿಗೆ ಬಜೆಟ್ ಪೂರ್ವಭಾವಿ ಸಭೆಯೊಂದೇ ಗತಿ. ಅದು ಮುಂದಿನ ವರ್ಷದ ಸಲಹೆ ಕೇಳೋ ಸಭೆ, ಹಿಂದಿನ ವರ್ಷದ ಲೆಕ್ಕ ಒಪ್ಪಿಸೋ ಸಭೆ ಅಲ್ಲ. ಅದಕ್ಕೂ ಬರೋರು ಬೆರಳೆಣಿಕೆ. ಆ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬರೋಕೆ ಆಗಲ್ಲ ಅನ್ನೋದು ವ್ಯಾಪಾರಿಗಳ ಕಷ್ಟ.

*ಹೆಸರು ತಂದವರು, ಹೆಸರು ಉಳಿಸಿಕೊಂಡ ಊರು*

ವ್ಯಕ್ತಿಗಳ ಸಾಧನೆಗೆ ಈ ಮೂರು ತಾಲೂಕಿನಲ್ಲಿ ಬರ ಇಲ್ಲ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕುವೆಂಪು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯವರು. 1994ರಲ್ಲಿ ಜ್ಞಾನಪೀಠ ಪಡೆದ ಯು.ಆರ್. ಅನಂತಮೂರ್ತಿ ಮೇಳಿಗೆಯವರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ಸಿನಿಮಾ ನಿರ್ದೇಶಕ ಗಿರೀಶ್ ಕಾಸರವಳ್ಳಿ ಇದೇ ತಾಲೂಕಿನವರು. ಸಾಗರ ತಾಲೂಕಿನ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದರಲ್ಲಿ ಊರಿನ ಪಾಲು ಯಾವುದು ಅಂತ ಕೇಳಿದ್ರೆ ಹೆಗ್ಗೋಡಿನ ಉದಾಹರಣೆ ಸಾಕು. ನೀನಾಸಂ ಶುರುವಾಗಿದ್ದು 1949ರಲ್ಲಿ. ಮ್ಯಾಗ್ಸೆಸೆ ಬಂದಿದ್ದು 42 ವರ್ಷದ ಮೇಲೆ. ಆ 42 ವರ್ಷ ನಾಟಕಕ್ಕೆ ಪರದೆ ಕಟ್ಟಿದವರು, ಅಡುಗೆ ಮಾಡಿದವರು, ಅಡಿಕೆ ಸುಲಿಯೋ ಕೆಲಸ ಮುಗಿಸಿ ತಾಲೀಮಿಗೆ ಬಂದವರು ಹಳ್ಳಿಯ ಜನವೇ. ಪ್ರಶಸ್ತಿ ಬಂದ ಮೇಲೆ ಸಂಸ್ಥೆ ನಿಲ್ಲಲಿಲ್ಲ, ಇವತ್ತಿಗೂ ನಡೀತಿದೆ. ಕುಪ್ಪಳಿಯ ಕವಿಮನೆಯೂ ಹಾಗೇ, ವರ್ಷಪೂರ್ತಿ ಬಾಗಿಲು ತೆಗೆದು ಒಪ್ಪವಾಗಿ ಇಟ್ಟುಕೊಂಡಿದ್ದಕ್ಕೇ ಜನ ಹುಡುಕಿಕೊಂಡು ಬರೋದು.

ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ಹೋದ್ರೆ ತುಂಗೆಯಲ್ಲಿ ದೊಡ್ಡ ದೊಡ್ಡ ಮೀನು ಕಾಣ್ತವೆ. ಅಲ್ಲಿ ಮೀನು ಹಿಡಿಯೋ ಹಾಗಿಲ್ಲ. ದೇವರ ಮೀನು ಅನ್ನೋ ನಂಬಿಕೆ, ಊರಿನವರ ಕಾವಲು, ಎರಡೂ ಸೇರಿ ಆ ಮತ್ಸ್ಯಧಾಮ ಉಳಿದಿದೆ. ಒಂದು ದಿನದ ಸನ್ಮಾನದಿಂದ ಉಳಿದಿದ್ದಲ್ಲ, ದಿನಾ ಯಾರೋ ಒಬ್ಬರು ಕಣ್ಣಿಟ್ಟಿದ್ದಕ್ಕೆ ಉಳಿದಿದ್ದು. ನಾಗರಿಕ ಸಾಧನೆ ಅಂದ್ರೆ ಇದೇ ತಾನೆ?

*ಅಂಗಡಿಯವರ ಪಾಲೂ ಇದೆ*

ಎಲ್ಲವನ್ನೂ ಕಚೇರಿ ಮೇಲೆ ಹಾಕಿದ್ರೆ ಅರ್ಧ ಸತ್ಯ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದ್ದು 2016ರಲ್ಲಿ. ದೇಶದಾದ್ಯಂತ ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಿದ್ದು 2022ರ ಜುಲೈ 1ಕ್ಕೆ. ಇವತ್ತಿಗೂ ಮೀನು ಮಾರುಕಟ್ಟೆಯಿಂದ ಹೂವಿನ ಅಂಗಡಿವರೆಗೆ ತೆಳು ಚೀಲ ಸಿಗುತ್ತೆ. ದಾಳಿ ಮಾಡಿ ದಂಡ ಹಾಕಿದ ದಿನ ಮುಚ್ಚಿಡ್ತಾರೆ, ವಾರ ಕಳೆದ ಮೇಲೆ ಮತ್ತೆ ಹೊರಗೆ ಬರುತ್ತೆ. ಗಿರಾಕಿ ಚೀಲ ತರಲ್ಲ, ಕೊಡದಿದ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ ಅನ್ನೋದು ಅಂಗಡಿಯವರ ಮಾತು. ಅದೂ ನಿಜ. ಆದರೆ ಒಂದು ಬೀದಿಯ ಅಂಗಡಿಗಳೆಲ್ಲ ಒಂದೇ ದಿನ ನಿಲ್ಲಿಸಿದ್ರೆ ಗಿರಾಕಿ ಹೋಗೋದು ಎಲ್ಲಿಗೆ? ಹಬ್ಬಕ್ಕೆ ಬೀದಿಪೂರ್ತಿ ಲೈಟ್ ಹಾಕೋಕೆ ಒಂದಾಗೋ ವರ್ತಕರ ಸಂಘಕ್ಕೆ ಇದು ಕಷ್ಟ ಅಲ್ಲ.

ತೆರಿಗೆ ವಿಚಾರವೂ ಇದೆ. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದ್ರೆ ಶೇ.5 ರಿಯಾಯಿತಿ ಸಿಗುತ್ತೆ. ಬೇಗ ಕಟ್ಟಿದವರಿಗೆ ಕೇಳೋ ದನಿಯೂ ಜೋರಾಗಿರುತ್ತೆ.

*ಜನವರಿಯಲ್ಲಿ ಕೇಳಬೇಕಾದ ಐದು ಪ್ರಶ್ನೆ*

ಬಜೆಟ್ ಪೂರ್ವಭಾವಿ ಸಭೆಗಳು ನಡೆಯೋ ಕಾಲ ಇದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಜನ, ವರ್ತಕರು ಸೇರಿ ಈ ಐದನ್ನ ಬರವಣಿಗೆಯಲ್ಲಿ ಕೇಳಬಹುದು.

ಒಂದು: ಹಿಂದಿನ ಬಜೆಟ್‌ನಲ್ಲಿ ಓದಿದ ಕಾಮಗಾರಿಗಳಲ್ಲಿ ಮುಗಿದಿದ್ದು ಎಷ್ಟು, ಶುರುವೇ ಆಗದ್ದು ಎಷ್ಟು?

ಎರಡು: ಪೌರಕಾರ್ಮಿಕರ ಮಂಜೂರಾದ ಹುದ್ದೆ ಎಷ್ಟು, ಕೆಲಸದಲ್ಲಿ ಇರೋರು ಎಷ್ಟು? ಜಾತ್ರೆ, ಸಂತೆ ದಿನದ ವ್ಯವಸ್ಥೆ ಏನು?

ಮೂರು: ಕಸದ ಶುಲ್ಕ ಅಂತ ವಸೂಲಾಗಿದ್ದು ಎಷ್ಟು, ಕಸಕ್ಕೇ ಖರ್ಚಾಗಿದ್ದು ಎಷ್ಟು?

ನಾಲ್ಕು: ಯಾವ್ಯಾವ ಚರಂಡಿ ಹೊಳೆಗೋ ಕೆರೆಗೋ ಸೇರುತ್ತೆ? ಈ ವರ್ಷ ಅದರಲ್ಲಿ ತಡೆದಿದ್ದು ಎಷ್ಟು?

ಐದು: ಸ್ವಚ್ಛ ಸರ್ವೇಕ್ಷಣೆಯಲ್ಲಿ ಊರಿಗೆ ಅಂಕ ಹೋಗಿದ್ದು ಯಾವ ವಿಭಾಗದಲ್ಲಿ?

ಇದು ಯಾರನ್ನೂ ಸಿಕ್ಕಿಸೋ ಪ್ರಶ್ನೆಗಳಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಜೆಟ್, ಖರ್ಚು, ಯೋಜನೆಗಳ ವಿವರವನ್ನ ಯಾರೂ ಅರ್ಜಿ ಹಾಕದೇ ಇದ್ರೂ ಕಚೇರಿಯೇ ಪ್ರಕಟಿಸಬೇಕು. ಅಂದ್ರೆ ಕೇಳೋದು ಉಪಕಾರ ಅಲ್ಲ, ಹೇಳೋದು ಕರ್ತವ್ಯ.

ಕೆಲಸ ಚೆನ್ನಾಗಿ ಮಾಡಿದ ಅಧಿಕಾರಿಗೆ, ಸದಸ್ಯರಿಗೆ, ಪೌರಕಾರ್ಮಿಕರಿಗೆ ಈ ಲೆಕ್ಕದಿಂದ ಲಾಭವೇ ಹೊರತು ನಷ್ಟ ಇಲ್ಲ. ಅವರು ಮಾಡಿದ್ದು ಕಾಗದದ ಮೇಲೆ ಬರುತ್ತೆ. ಆಗ ಹೊದಿಸೋ ಶಾಲಿಗೂ ತೂಕ ಬರುತ್ತೆ. ಫೆಬ್ರವರಿಯಲ್ಲಿ ಮಾರಿಜಾತ್ರೆ ಮುಗಿದು ಅಂಗಡಿಗಳು ಗಂಟುಮೂಟೆ ಕಟ್ಟಿದ ಮಾರನೇ ದಿನ, ಪೊರಕೆ ಹಿಡಿದು ಬೀದಿಗೆ ಇಳಿಯೋರು ಎಷ್ಟು ಜನ ಅಂತ ಈಗಲೇ ಕೇಳಿಟ್ಟುಕೊಂಡ್ರೆ ಊರಿಗೂ ಒಳ್ಳೆಯದು, ಅವರಿಗೂ ಒಳ್ಳೆಯದು.